ಕಡಲ ಹತ್ತಿರ ಮನೆ: ಮಂಗಳೂರಿನಿಂದ ಕಾರವಾರದವರೆಗೆ ಎಲ್ಲಿ, ಯಾರಿಗೆ?

ಎರಡು ವರ್ಷದ ಹಿಂದೆ ನನ್ನ ಭಾವ ಮುಂಬೈಯ ಕೆಲಸದಿಂದ ನಿವೃತ್ತರಾದರು. ಎದೆಯಲ್ಲಿ ಎರಡು ಸ್ಟೆಂಟ್, ಅಕ್ಕನಿಗೆ ಶುಗರ್. ಆದರೂ ಕಡಲ ಬದಿಯಲ್ಲಿ ಮನೆ, ಒಂದು ಸಣ್ಣ ದೋಣಿ, ಬೆಳಿಗ್ಗೆ ಎದ್ದು ಗಾಳ ಹಾಕುವುದು, ಇದು ಅವರ ಮೂವತ್ತು ವರ್ಷದ ಆಸೆ. ಜನವರಿಯಲ್ಲಿ ಬಂದು ಒಂದು ವಾರ ನನ್ನ ಜೊತೆ ಸುತ್ತಿದರು. ಮೊದಲ ದಿನವೇ ಕುಂದಾಪುರದ ಕೋಡಿಯಲ್ಲಿ ಒಂದು ಮನೆ ಇಷ್ಟವಾಯಿತು. ಗೇಟು ದಾಟಿದರೆ ಮರಳು, ಮರಳು ದಾಟಿದರೆ ಕಡಲು. ಬ್ರೋಕರ್ ಬೀಗ ತೆಗೆಯಲು ಹೋದ, ಕೀಲಿ ಒಳಗೇ ಮುರಿಯಿತು. ಆ ಬೀಗ ಹಾಕಿ ಒಂದು ವರ್ಷವೂ ಆಗಿರಲಿಲ್ಲವಂತೆ. ಕಿಟಕಿಯ ಸರಳು ಮುಟ್ಟಿದರೆ ತುಕ್ಕು ಹಪ್ಪಳದ ಹಾಗೆ ಎದ್ದು ಕೈಗೆ ಬಂತು. ಪಕ್ಕದ ಅಂಗಳದಲ್ಲಿ ಒಣಮೀನು ಹರಡುತ್ತಿದ್ದ ಅಮ್ಮ ಒಬ್ಬರು ನಮ್ಮನ್ನೇ ನೋಡುತ್ತಿದ್ದರು. ಹೊರಡುವಾಗ ಹೇಳಿದ್ದು ಒಂದೇ ಮಾತು: "ಮಳಿಗಾಲ್ದಗೆ ಒಂದ್ಸಲ ಬಂದ್ ಕಾಣಿ ಮಾರಾಯ್ರೆ."

ಆಮೇಲಿನ ಆರು ದಿನ ನಾವು ಮನೆ ಹುಡುಕಿದ ರೀತಿಯೇ ಬೇರೆ. ಬೆಂಗಳೂರಿನ ಗೆಳೆಯರು, ದುಬೈಯಲ್ಲಿರುವ ನೆಂಟರು ಕಡಲ ಹತ್ತಿರ ಮನೆ ಎಲ್ಲಿ ಮಾಡಬೇಕು ಅಂತ ಕೇಳುತ್ತಲೇ ಇರುತ್ತಾರೆ. ಹಾಗಾಗಿ ನಾವು ನೋಡಿದ್ದು, ಲೆಕ್ಕ ಹಾಕಿದ್ದು ಎಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಏನು ನೋಡಬೇಕು

ಹೆಚ್ಚಿನವರು ಕಡಲಿನಿಂದ ಶುರು ಮಾಡುತ್ತಾರೆ. ಫೋಟೋ ಚೆನ್ನಾಗಿ ಬರುವುದು ಅಲ್ಲೇ ಅಲ್ವಾ? ನನ್ನ ಪ್ರಕಾರ ಅದು ತಿರುಗುಮುರುಗು. ನಮ್ಮ ಕರಾವಳಿ ಸುಮಾರು 300 ಕಿ.ಮೀ. ಉದ್ದಕ್ಕೂ ಇದೆ, ಕಡಲು ಎಲ್ಲ ಕಡೆಯೂ ಸಿಗುತ್ತದೆ. ದೊಡ್ಡ ಆಸ್ಪತ್ರೆ ಸಿಗುವುದು ಕೆಲವೇ ಕಡೆ. ದೋಣಿ ಕಟ್ಟುವ ಜಾಗ ಸಿಗುವುದು ಅದಕ್ಕಿಂತ ಕಡಿಮೆ ಕಡೆ. ಆದ್ದರಿಂದ ಆಸ್ಪತ್ರೆಯಿಂದ ಹೊರಟು ಹೊಳೆಗೆ ಬನ್ನಿ, ಕಡಲು ಕೊನೆಗೆ ನೋಡಿ.

ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ನಿಮಿಷದಲ್ಲಿ ಅಳೆಯಿರಿ. ಅದೂ ಜುಲೈ ತಿಂಗಳ ರಾತ್ರಿಯ ನಿಮಿಷ. ಹೃದಯಾಘಾತಕ್ಕೆ ಆಂಜಿಯೋಪ್ಲಾಸ್ಟಿ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಸ್ಟ್ರೋಕ್ ಆದರೆ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಸ್ಕ್ಯಾನಿಂಗ್‌ಗೆ ಬೇಕಾದ ಸಮಯವೂ ಅದರೊಳಗೇ ಸೇರಿತು. ದೂರದ ಊರು ನೋಡುತ್ತಿದ್ದರೆ ಅಲ್ಲಿನ ತಾಲೂಕು ಆಸ್ಪತ್ರೆಗೆ ಹೋಗಿ ಒಂದು ಮಾತು ಕೇಳಿ: ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇಲ್ಲಿದೆಯಾ? ಇಸಿಜಿ ನೋಡಿ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆ ಅದು. ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ಅದರಿಂದ ಸ್ವಲ್ಪ ಸಮಯ ಸಿಗುತ್ತದೆ. ಡಯಾಲಿಸಿಸ್ ಬೇಕಾದವರು ಮೆಷಿನ್ ಎಷ್ಟಿದೆ, ಸರದಿ ಎಷ್ಟು ದಿನ ಕಾಯಬೇಕು ಅಂತಲೂ ಕೇಳಿ.

ಇನ್ನು ದೋಣಿ. ಮನೆಯ ಮುಂದಿನ ಬೀಚಿನಲ್ಲಿ ಕಟ್ಟುತ್ತೇನೆ ಅನ್ನುವವರಿಗೆ ಅರಬ್ಬೀ ಕಡಲಿನ ಪರಿಚಯ ಇಲ್ಲ ಅಂತಲೇ ಅರ್ಥ. ಕಾರು ನಿಲ್ಲಿಸುವ ಹಾಗೆ ಸ್ವಂತ ದೋಣಿ ನಿಲ್ಲಿಸುವ ಮರೀನಾ ನಮ್ಮ ಕರಾವಳಿಯಲ್ಲಿ ಇಲ್ಲ, ಅದಕ್ಕೆ ಕೊಚ್ಚಿಗೇ ಹೋಗಬೇಕು. ಮೀನುಗಾರಿಕೆ ಬಂದರುಗಳಲ್ಲಿ ಬೋಟಿನ ಪಕ್ಕ ಬೋಟು, ಹವ್ಯಾಸದವರಿಗೆ ಜಾಗವಿಲ್ಲ. ಹಾಗಾಗಿ ದೋಣಿ ಇರಬೇಕಾದದ್ದು ಹೊಳೆಯಲ್ಲಿ. ಅಳಿವೆಯಿಂದ, ಅಂದರೆ ಹೊಳೆ ಕಡಲು ಸೇರುವ ಬಾಯಿಯಿಂದ, ಸ್ವಲ್ಪ ಒಳಗೆ, ನೀರು ನಿಧಾನವಾಗಿ ಹರಿಯುವ ಕಡೆ. ಅಲ್ಲೂ ಎರಡು ವಿಷಯ ನೋಡಬೇಕು. ಇಳಿತದ ಹೊತ್ತಿಗೆ ನಿಮ್ಮ ದಡದಲ್ಲಿ ನೀರು ಉಳಿಯುತ್ತದಾ, ಅಥವಾ ಬರೀ ಕೆಸರಾ? ಜಾಗ ತೋರಿಸುವವರು ಯಾವಾಗಲೂ ಉಬ್ಬರದ ಹೊತ್ತಿಗೇ ಕರೆದುಕೊಂಡು ಹೋಗುತ್ತಾರೆ, ಗಮನಿಸಿ. ಎರಡನೆಯದು ಕಿಂಡಿ ಅಣೆಕಟ್ಟು. ಉಪ್ಪುನೀರು ಮೇಲೆ ಬರಬಾರದು ಅಂತ ಮಳೆ ಮುಗಿದ ಮೇಲೆ ಹಲಗೆ ಹಾಕುತ್ತಾರೆ. ನಿಮ್ಮ ಜಾಗ ಅದರ ಮೇಲ್ಬದಿಯಲ್ಲಿದ್ದರೆ ದೋಣಿ ಕಡಲಿಗೆ ಹೋಗುವ ಕಾಲದಲ್ಲೇ ದಾರಿ ಮುಚ್ಚಿರುತ್ತದೆ.

ದೋಣಿಯ ಕಾಲವೂ ಚಿಕ್ಕದು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಅನುಭವ ಇಲ್ಲದವರು ಅಕ್ಟೋಬರ್‌ನಿಂದ ಮೇ ವರೆಗೆ ಮಾತ್ರ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಅಳಿವೆ ಬಾಗಿಲಿನಲ್ಲಿ ಹೂಳು ತುಂಬಿ ಮರಳು ದಿಬ್ಬ ಏಳುತ್ತದೆ, ಅದು ವರ್ಷ ವರ್ಷ ಜಾಗ ಬದಲಿಸುತ್ತದೆ. ಹುಟ್ಟಿದಂದಿನಿಂದ ದೋಣಿ ನಡೆಸಿದವರೂ ಅಲ್ಲಿ ಮಗುಚಿದ್ದಾರೆ. ಊರಿನ ಮೀನುಗಾರರ ಜೊತೆ ಮೂರು ನಾಲ್ಕು ಸಲ ಹೋಗದೆ ಅಳಿವೆ ದಾಟಬೇಡಿ.

ಕಾಗದಪತ್ರ, ಉಪ್ಪು, ಬಾವಿ

ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಹೆಸರು ಎಲ್ಲರೂ ಕೇಳಿರುತ್ತಾರೆ, ಓದಿದವರು ಕಡಿಮೆ. 2019ರ ಅಧಿಸೂಚನೆಯ ಪ್ರಕಾರ ಗ್ರಾಮೀಣ ಕರಾವಳಿಯನ್ನು ಎರಡು ಮಾಡಿದ್ದಾರೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇದ್ದ ಕಡೆ ಉಬ್ಬರದ ಗೆರೆಯಿಂದ 50 ಮೀಟರ್ ಹೊಸದಾಗಿ ಕಟ್ಟುವಂತಿಲ್ಲ, ಉಳಿದ ಕಡೆ 200 ಮೀಟರ್. ಉಬ್ಬರ ಇಳಿತ ಇರುವ ಹೊಳೆಯ ದಡಕ್ಕೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಹಳೆಯ ಮನೆ ಕೊಂಡರೆ ರಿಪೇರಿ ಮಾಡಬಹುದು, ಕೆಡವಿ ಕಟ್ಟಲೂಬಹುದು. ಆದರೆ ಅದು ಅಧಿಕೃತವಾಗಿ ಕಟ್ಟಿದ ಮನೆ ಆಗಿರಬೇಕು, ಪಾಯದ ಅಳತೆ ಮೀರಬಾರದು. ಬ್ರೋಕರ್ "ಎಲ್ಲ ಮಾಡಿಕೊಡ್ತೇನೆ" ಅಂದರೆ ಒಪ್ಪಬೇಡಿ, ಕಾಗದ ಕೈಗೆ ಬರಲಿ.

ಅಳತೆಯ ಲೆಕ್ಕವೂ ಬೇರೆ ಬೇರೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಸೆನ್ಸ್ (ಸೆಂಟ್), ಉತ್ತರ ಕನ್ನಡದಲ್ಲಿ ಗುಂಟೆ. ಒಂದು ಗುಂಟೆ ಅಂದರೆ ಎರಡೂವರೆ ಸೆನ್ಸ್. ರೇಟು ಹೋಲಿಸುವಾಗ ಇದನ್ನು ಮರೆತು ಮೋಸ ಹೋದವರಿದ್ದಾರೆ. ಪಹಣಿ, 11ಇ ನಕ್ಷೆ (ಸರ್ವೆ ನಕ್ಷೆ), ಕೃಷಿ ಜಮೀನನ್ನು ಮನೆ ಜಾಗ ಮಾಡಿದ ಕನ್ವರ್ಶನ್ ಆದೇಶ, ಪಂಚಾಯತಿಯ ಆಸ್ತಿ ದಾಖಲೆಯಾದ 9/11 ನಮೂನೆ, ಇಷ್ಟು ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ದಕ್ಷಿಣ ಕನ್ನಡ, ಉಡುಪಿ ಕಡೆ "ಜೊತೆಗೆ ಕುಮ್ಕಿಯೂ ಬರ್ತದೆ" ಅಂದರೆ ಆ ಕುಮ್ಕಿ ಸರಕಾರಿ ಜಾಗ, ಅದಕ್ಕೆ ದುಡ್ಡು ಕೊಡಬೇಡಿ. ಗಲ್ಫ್‌ನಲ್ಲಿರುವವರಿಗೆ ಇನ್ನೊಂದು ಮಾತು: ಎನ್‌ಆರ್‌ಐಗಳು ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಮನೆಗೆ ಅಂತ ಕನ್ವರ್ಶನ್ ಆದ ಜಾಗವನ್ನೇ ನೋಡಿ.

ಉಪ್ಪುಗಾಳಿಯ ಖರ್ಚು ಯಾರೂ ಮೊದಲೇ ಹೇಳುವುದಿಲ್ಲ. ನಾನು ಕಡಲಿನಿಂದ 150 ಮೀಟರ್ ದೂರದ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷ ಇದ್ದೆ. ಎಸಿಯ ಹೊರಗಿನ ಯೂನಿಟ್ ಮೂರೇ ವರ್ಷಕ್ಕೆ ಸತ್ತಿತು. ಫ್ಯಾನು, ಗ್ಯಾಸ್ ಸ್ಟೌವ್, ಸ್ಕೂಟರಿನ ಸೈಲೆನ್ಸರ್ ಒಂದೂ ಬಿಡಲಿಲ್ಲ. ಈಗ ಎರಡು ಕಿಲೋಮೀಟರ್ ಒಳಗಿದ್ದೇನೆ, ಈ ತಾಪತ್ರಯ ಬಹಳ ಕಡಿಮೆ. ಕಡಲ ಹತ್ತಿರ ಕಟ್ಟುವುದೇ ಆದರೆ ಕೆಂಪುಕಲ್ಲಿನ ಗೋಡೆ, ಯುಪಿವಿಸಿ ಕಿಟಕಿ, ಹೊರಗಿನ ಸ್ಟೀಲ್‌ಗೆ ತುಕ್ಕು ಬೇಗ ಹಿಡಿಯದ 316 ಗ್ರೇಡ್. ಮರಳು ಎಲ್ಲಿಂದ ಬಂತು ಅಂತ ಕಂಟ್ರಾಕ್ಟರನ್ನು ಕೇಳಿ. ಉಪ್ಪು ಮರಳು ಕಾಂಕ್ರೀಟಿಗೆ ಸೇರಿದರೆ ಒಳಗಿನ ಕಬ್ಬಿಣ ಉಬ್ಬಿ ಸ್ಲ್ಯಾಬ್ ಬಿರಿಯುತ್ತದೆ.

ಬಾವಿ ನೀರನ್ನು ಏಪ್ರಿಲ್ ಕೊನೆಗೆ ಕುಡಿದು ನೋಡಿ. ಡಿಸೆಂಬರಿನಲ್ಲಿ ಎಲ್ಲ ಬಾವಿಯೂ ಸಿಹಿಯೇ.

ಮಂಗಳೂರು ಮತ್ತು ಸುತ್ತಮುತ್ತ

ಆಸ್ಪತ್ರೆಯ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಸರಕಾರಿ ವೆನ್ಲಾಕ್, ಫಾದರ್ ಮುಲ್ಲರ್, ಕೆಎಂಸಿ, ಎ.ಜೆ., ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು. ಒಂದು ಕಡೆ ಬೆಡ್ ಇಲ್ಲದಿದ್ದರೆ ಇನ್ನೊಂದು ಕಡೆ. ಬಜ್ಪೆಯಲ್ಲಿ ವಿಮಾನ ನಿಲ್ದಾಣ, ಹೊರದೇಶದ ಮಕ್ಕಳಿಗೆ ಅನುಕೂಲ. ಬೆಲೆ ಮಾತ್ರ ನಾನು ಹೇಳುವ ಐದು ಕಡೆಗಳಲ್ಲಿ ಇಲ್ಲೇ ಜಾಸ್ತಿ. ಸ್ವಂತ ಜಾಗಕ್ಕಿಂತ ಫ್ಲ್ಯಾಟ್ ಕೈಗೆಟಕುತ್ತದೆ.

ನನಗೆ ಇಲ್ಲಿ ಇಷ್ಟವಾದದ್ದು ಸುಲ್ತಾನ್ ಬತ್ತೇರಿ, ಬೋಳೂರು ಕಡೆ. ಮುಂದೆ ಫಲ್ಗುಣಿ ಹೊಳೆ, ದೋಣಿಯಲ್ಲಿ ಆಚೆ ದಾಟಿದರೆ ತಣ್ಣೀರುಬಾವಿ ಬೀಚು. ಹಿಂದೆ ಇಡೀ ನಗರ. ಬೀಚ್, ಹೊಳೆ, ಆಸ್ಪತ್ರೆ ಮೂರೂ ಇಷ್ಟು ಹತ್ತಿರ ಇರುವ ಜಾಗ ಕರ್ನಾಟಕದಲ್ಲಿ ಬೇರೆ ನಾನು ಕಂಡಿಲ್ಲ. ಸುರತ್ಕಲ್ಲಿನ ಲೈಟ್‌ಹೌಸ್ ಬೀಚು ಚಂದ, ಆದರೆ ಹತ್ತಿರದಲ್ಲೇ ರಿಫೈನರಿ, ಗೊಬ್ಬರದ ಕಾರ್ಖಾನೆ, ಬಂದರು. ಗಾಳಿ ಬೀಸುವ ದಿಕ್ಕು ನೋಡಿ ಮನೆ ಆರಿಸಿ. ಉಳ್ಳಾಲ, ಸೋಮೇಶ್ವರದಲ್ಲಿ ಕಡಲಕೊರೆತದ ಇತಿಹಾಸ ದೊಡ್ಡದು. ಬೀಚಿಗೆ ಅಂಟಿದ ಮನೆ ಅಲ್ಲಿ ಬೇಡ.

ಮೂಲ್ಕಿ ಬೇರೆಯೇ ಲೋಕ. ಶಾಂಭವಿ ಹೊಳೆ, ಸರ್ಫಿಂಗ್ ಕಲಿಸುವವರು, ಕಯಾಕ್. ಮಂಗಳೂರಿಗೆ 30 ಕಿ.ಮೀ. ಒಳಗೆ. ವರ್ಕ್ ಫ್ರಮ್ ಹೋಮ್ ಮಾಡುವ ನಲವತ್ತರೊಳಗಿನವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಶಾಂಭವಿ, ನಂದಿನಿ ಕಡಲು ಸೇರುವ ಸಸಿಹಿತ್ಲು ನೋಡಲು ಸೊಗಸು, ಆದರೆ ಅಲ್ಲಿನ ದಡ ವರ್ಷ ವರ್ಷ ಕರಗುತ್ತಿದೆ. ಸುಮ್ನೆ ಸಂಜೆ ಹೋಗಿ ಬನ್ನಿ, ಅಲ್ಲಿ ಸೈಟು ಬೇಡ.

ಉಡುಪಿ, ಮಲ್ಪೆ, ಕೆಮ್ಮಣ್ಣು

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಿಂದ ಮಲ್ಪೆ ಬೀಚಿಗೆ ಹನ್ನೆರಡು ಕಿಲೋಮೀಟರ್ ಆಸುಪಾಸು. ಈ ಒಂದು ಅಂಕಿಗಾಗಿಯೇ ನಿವೃತ್ತರು ಇಲ್ಲಿಗೆ ಬರುತ್ತಾರೆ. ರೈಲು ನಿಲ್ದಾಣ ಇಂದ್ರಾಳಿಯಲ್ಲಿ, ಉಡುಪಿಗೂ ಮಣಿಪಾಲಕ್ಕೂ ನಡುವೆ. ಬೆಲೆ ಮಂಗಳೂರಿಗಿಂತ ಕಡಿಮೆ. ಅಗ್ಗ ಅಂತ ಮಾತ್ರ ಹೇಳಲಾರೆ.

ಮಲ್ಪೆಯಲ್ಲೇ ಮನೆ ಮಾಡುವುದು ನನಗೆ ಸರಿ ಕಾಣಲಿಲ್ಲ. ಬಂದರಿನ ವಾಸನೆ ಹುಟ್ಟೂರಿನವರಿಗೆ ಏನೂ ಅಲ್ಲ, ಹೊಸಬರಿಗೆ ಕಷ್ಟ. ರಜಾದಿನ ಬಂದರೆ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವವರ ಕಾರು ರಸ್ತೆ ತುಂಬ. ಸೇತುವೆ ದಾಟಿ ಪಡುಕರೆಗೆ ಹೋದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಒಂದು ರಸ್ತೆಯ ಎರಡು ಬದಿ ಮನೆಗಳು. ಭಾವ ಅಲ್ಲಿ ಕಾರಿನಿಂದ ಇಳಿದವರು ಹತ್ತು ನಿಮಿಷ ಮಾತೇ ಆಡಲಿಲ್ಲ. ಅಷ್ಟು ಚಂದ. ಅಷ್ಟೇ ಕಿರಿದು ಕೂಡ. ಎರಡೂ ಕಡೆಯಿಂದ ಸಿಆರ್‌ಝಡ್ ಗೆರೆ ಎಳೆದರೆ ನಡುವೆ ಮನೆ ಕಟ್ಟಲು ಎಷ್ಟು ಉಳಿಯುತ್ತದೆ, ನೀವೇ ಲೆಕ್ಕ ಹಾಕಿ. ಅಲ್ಲಿ ಹೋಮ್‌ಸ್ಟೇಯಲ್ಲಿ ನಾಲ್ಕು ದಿನ ಇದ್ದು ಬರುವುದು ಜಾಣತನ.

ಹಾಗಾದರೆ ಎಲ್ಲಿ? ಸ್ವರ್ಣಾ ಹೊಳೆಯ ದಡದ ಊರುಗಳು: ಕಲ್ಯಾಣಪುರ, ಕೆಮ್ಮಣ್ಣು. ಹೆದ್ದಾರಿ ಹತ್ತಿರ, ಮಣಿಪಾಲಕ್ಕೆ ಅರ್ಧ ಗಂಟೆ. ಹೂಡೆ ಬೀಚಿಗೆ ಸ್ಕೂಟರಿನಲ್ಲಿ ಹೋಗಬಹುದು. ದೋಣಿ ಹೊಳೆಯಲ್ಲಿ ಇರುತ್ತದೆ, ಕೆಳಗೆ ಹೋದರೆ ಸ್ವರ್ಣಾ, ಸೀತಾ ಒಟ್ಟಿಗೆ ಕಡಲು ಸೇರುವ ಕೋಡಿ ಬೆಂಗ್ರೆ. ಎದುರು ದಡ ಹಂಗಾರಕಟ್ಟೆ, ನಡುವೆ ಬಾರ್ಜ್ ಓಡಾಡುತ್ತದೆ. ಕಡಲು ಬೇಡ ಅನ್ನಿಸಿದ ದಿನ ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ನಡುವೆಯೇ ಗಾಳ ಹಾಕಬಹುದು. ತೊಂದರೆ ಇಲ್ಲ ಅಂತಲ್ಲ. ತಗ್ಗಿನ ಗದ್ದೆ ತುಂಬಿಸಿ ಮಾಡಿದ ಸೈಟುಗಳು ಜಾಸ್ತಿ, ಜುಲೈಯಲ್ಲಿ ನೆರೆ ಬರುತ್ತದೆ. ಪಕ್ಕದ ಹಳೇ ಮನೆಯ ಜಗಲಿ ಎಷ್ಟು ಎತ್ತರಕ್ಕಿದೆ ನೋಡಿ. ಹಿರಿಯರು ನೆರೆ ನೋಡಿಯೇ ಅದನ್ನು ಕಟ್ಟಿದ್ದು.

ಕುಂದಾಪುರ, ಗಂಗೊಳ್ಳಿ, ಮರವಂತೆ

ದೋಣಿಯ ಹುಚ್ಚು ಇರುವವರಿಗೆ ಕರಾವಳಿಯಲ್ಲಿ ಇದೇ ಸ್ವರ್ಗ. ಪಂಚಗಂಗಾವಳಿಯಲ್ಲಿ ಐದು ಹೊಳೆ ಸೇರುತ್ತವೆ, ನೀರು ಅಗಲ, ಕುದ್ರುಗಳು ಬೇಕಾದಷ್ಟು, ಕಾಂಡ್ಲಾ ಕಾಡು. ಗಂಗೊಳ್ಳಿ ಎದುರಿಗೇ ಕಾಣುತ್ತದೆ. ದೋಣಿಯಲ್ಲಿ ಕೆಲವೇ ನಿಮಿಷ, ರಸ್ತೆಯಲ್ಲಿ ಸುತ್ತಿ ಹೋದರೆ ಹದಿನೈದು ಕಿಲೋಮೀಟರಿನ ಆಸುಪಾಸು. ಮನೆ ಗಂಗೊಳ್ಳಿಯಲ್ಲಿದ್ದರೆ ಆಂಬುಲೆನ್ಸೂ ಇದೇ ಸುತ್ತು ಹೊಡೆಯಬೇಕು. ಈ ಲೆಕ್ಕವನ್ನು ನಕ್ಷೆ ನೋಡುವವರು ಮರೆಯುತ್ತಾರೆ.

ಕುಂದಾಪುರದಲ್ಲಿ ದಿನನಿತ್ಯದ ಆಸ್ಪತ್ರೆಗಳಿವೆ. ದೊಡ್ಡದಕ್ಕೆ ಮಣಿಪಾಲಕ್ಕೆ 40 ಕಿ.ಮೀ., ಚತುಷ್ಪಥ ಹೆದ್ದಾರಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಬಿಪಿ, ಶುಗರ್ ಮಾತ್ರ ಇರುವವರಿಗೆ ಇದು ಸಾಕು. ಎದೆಯ ತೊಂದರೆ ಇರುವವರು ಎರಡು ಸಲ ಯೋಚಿಸಿ. ಜಾಗದ ಬೆಲೆ ಉಡುಪಿಗಿಂತ ಕಡಿಮೆ, ಊರಿನೊಳಗೆ ಮಾತ್ರ ಬಿಗಿ.

ಮರವಂತೆಯನ್ನು ಎಲ್ಲರೂ ಕೇಳುತ್ತಾರೆ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ರಸ್ತೆಗೇ ಜಾಗ ಸಾಲದು, ಮನೆಗೆಲ್ಲಿ? ಕಡಲಿನ ಕಡೆ ಸಾಲಾಗಿ ಕಲ್ಲು ಹಾಕಿದ್ದು ಯಾಕೆ ಅಂತ ಕಾರು ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ.

ಹೊನ್ನಾವರ, ಕುಮಟಾ, ಗೋಕರ್ಣ

ಬೀಚಿಗೆ ಮಾರ್ಕು ಕೊಡುವುದಾದರೆ ಇಲ್ಲಿಗೇ ಮೊದಲ ಸ್ಥಾನ. ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಶುಚಿಯಾದ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿತು, ಅದೇ ವರ್ಷ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಸಿಕ್ಕಿತು. ಶರಾವತಿಯ ಅಳಿವೆ ಬಹಳ ಅಗಲ. ಕುಮಟಾ ಹತ್ತಿರ ಅಘನಾಶಿನಿ ಇದೆ, ಮೇಲೆ ದೊಡ್ಡ ಅಣೆಕಟ್ಟು ಇಲ್ಲದೆ ಹರಿದು ಬರುವ ಹೊಳೆ. ಜಾಗವೂ ತುಲನೆಯಲ್ಲಿ ಅಗ್ಗ. ಗೋಕರ್ಣ ಮಾತ್ರ ಪ್ರವಾಸಿಗರಿಂದ ದುಬಾರಿಯಾಗಿದೆ.

ಕೊರತೆ ಒಂದೇ, ಆದರೆ ಅದು ದೊಡ್ಡದು. ಹೊನ್ನಾವರದಿಂದ ಮಣಿಪಾಲಕ್ಕೆ ಸುಮಾರು 125 ಕಿ.ಮೀ. ಜುಲೈ 2022ರಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಕೊಂಡರು. ಆಮೇಲೆ ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಇಡೀ ಜಿಲ್ಲೆಯಲ್ಲಿ ಎದ್ದಿತು. ಜುಲೈ 2024ರಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದ್ ಆಯಿತು. ಎರಡೂ ಶಿರೂರೇ, ಬೇರೆ ಬೇರೆ ಊರು. ಮೊದಲನೆಯದು ಮಣಿಪಾಲದ ದಾರಿ, ಎರಡನೆಯದು ಕಾರವಾರದ ಮೆಡಿಕಲ್ ಕಾಲೇಜಿನ ದಾರಿ.

ಅಲ್ಲದೆ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆ ಇದೆ, ಮೀನುಗಾರರು ಅದರ ವಿರುದ್ಧ ಹೋರಾಡಿದ್ದಾರೆ. ಆ ಕಡೆ ಜಾಗ ನೋಡುವವರು ಇದನ್ನು ತಿಳಿದುಕೊಂಡೇ ಮುಂದುವರಿಯಿರಿ. ಆರೋಗ್ಯ ಗಟ್ಟಿ ಇದ್ದು, ವರ್ಷಕ್ಕೆ ಆರು ತಿಂಗಳು ಬಂದಿರುವ ಮನೆ ಬೇಕಾದರೆ ಹೊನ್ನಾವರ ಒಳ್ಳೆಯದು. ಎಪ್ಪತ್ತು ದಾಟಿದ ತಂದೆತಾಯಿಯನ್ನು ಅಲ್ಲಿ ಇಬ್ಬರೇ ಬಿಡಲು ನನಗೆ ಮನಸ್ಸಾಗುವುದಿಲ್ಲ.

ಕಾರವಾರ

ಬಹಳ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದು ತಪ್ಪು. ಊರ ನಡುವೆಯೇ ಟಾಗೋರ್ ಬೀಚು, ಸರಕಾರಿ ಮೆಡಿಕಲ್ ಕಾಲೇಜು, ಕಾಳಿ ಹೊಳೆ. ದೊಡ್ಡ ಚಿಕಿತ್ಸೆಗೆ ಗೋವಾಕ್ಕೆ ಹೋಗುತ್ತಾರೆ. ಮಡಗಾಂವ್ ಸುಮಾರು 70 ಕಿ.ಮೀ., ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು 100ರ ಹತ್ತಿರ. ನಿಮ್ಮ ವಿಮೆ, ಆಯುಷ್ಮಾನ್ ಕಾರ್ಡು ರಾಜ್ಯ ದಾಟಿದ ಮೇಲೆ ಹೇಗೆ ನಡೆಯುತ್ತದೆ ಅಂತ ಮೊದಲೇ ವಿಚಾರಿಸಿ. ನೌಕಾನೆಲೆಯಿಂದಾಗಿ ಕೆಲವು ಕಡೆ ದೋಣಿಗೆ ಪ್ರವೇಶವಿಲ್ಲ. ಸದಾಶಿವಗಡ, ಮಾಜಾಳಿ ಕಡೆ ಜಾಗ ಅಗ್ಗ ಅನ್ನಿಸಿದರೆ ಒಂದು ವಿಷಯ ನೆನಪಿರಲಿ: ಕಾಳಿಯ ಹಳೆ ಸೇತುವೆ 2024ರ ಆಗಸ್ಟ್ 7ರಂದು ಕುಸಿಯಿತು, ಹೊಸ ಸೇತುವೆಯೇ ಕಾರವಾರದ ದಾರಿಯಾಯಿತು.

ಭಾವ ಏನು ಮಾಡಿದರು

ಕೊಳ್ಳಲಿಲ್ಲ. ಕೆಮ್ಮಣ್ಣಿನಲ್ಲಿ ಹೊಳೆ ಬದಿಯ ಹೆಂಚಿನ ಮನೆಯೊಂದನ್ನು ಹನ್ನೊಂದು ತಿಂಗಳಿಗೆ ಬಾಡಿಗೆಗೆ ಹಿಡಿದರು, ಮೇ ಕೊನೆಗೆ ಬಂದು ಕೂತರು. ಬಜೆಟ್ ಎಷ್ಟೇ ಇರಲಿ, ನಾನು ಎಲ್ಲರಿಗೂ ಇದನ್ನೇ ಹೇಳುವುದು. ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ, ತಪ್ಪು ಮನೆ ಕೊಂಡು ಮಾರುವ ನಷ್ಟದ ಮುಂದೆ ಆ ಬಾಡಿಗೆ ಏನೇನೂ ಅಲ್ಲ. ಮಳೆ ಜೋರಿದ್ದ ಒಂದು ರಾತ್ರಿ ಹನ್ನೊಂದಕ್ಕೆ ಅವರು ಅಕ್ಕನನ್ನು ಕೂರಿಸಿಕೊಂಡು ಸುಮ್ನೆ ಮಣಿಪಾಲಕ್ಕೆ ಕಾರು ಓಡಿಸಿ, ಕ್ಯಾಶುವಾಲ್ಟಿ ಬಾಗಿಲ ತನಕ ಹೋಗಿ ವಾಪಸ್ ಬಂದರು. 34 ನಿಮಿಷ. ಆ ಅಂಕಿಯನ್ನು ಅಕ್ಕ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ.

ಜುಲೈಯಲ್ಲಿ ಎರಡು ಸಲ ಅಂಗಳಕ್ಕೆ ನೀರು ಬಂತು, ಜಗಲಿ ಹತ್ತಲಿಲ್ಲ. ಸೆಪ್ಟೆಂಬರಿನಲ್ಲಿ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿಯೊಂದು ಸಿಕ್ಕಿತು. ಮನೆಯ ಯಜಮಾನರು ಈಗ ಮನೆ ಮಾರಲು ತಯಾರಿದ್ದಾರೆ. ಭಾವನಿಗೆ ಏಪ್ರಿಲ್ ಕೊನೆಯ ಬಾವಿ ನೀರಿನ ರುಚಿ ನೋಡುವುದೊಂದು ಬಾಕಿ.